ಘಾಟಿಲ್ಲದ ಏಳು ಮೆಣಸಿನಕಾಯಿ

ಪಾಸು, ರಿಜೆಕ್ಟು, ರೀವರ್ಕು. ಈ ಮೂರೇ ಮಾತಿನಲ್ಲಿ ಅವರು ಲೋಕದ ಸಕಲವನ್ನೂ ತೀರ್ಮಾನ ಮಾಡಿಬಿಡುತ್ತಿದ್ದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅವರಿಗೆ ಇನ್‌ಸ್ಪೆಕ್ಷನ್ ಕೆಲಸ. ಬೇರೆಯವರು ಕಡೆದು ಕಳಿಸಿದ ಕಬ್ಬಿಣದ ಭಾಗಗಳನ್ನು ಅಳೆದು ನೋಡಿ, ಸರಿಯಿದ್ದದ್ದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ, ತಿದ್ದಬಹುದಾದದ್ದನ್ನು ಮತ್ತೊಂದು ಕಡೆ ಹಾಕಬೇಕು. ದಿನವಿಡೀ ಅದನ್ನೇ ಮಾಡಿದವರು ಮನೆಗೆ ಬಂದ ಮೇಲೆ ಬೇರೆ ಭಾಷೆ ಎಲ್ಲಿಂದ ತರಬೇಕು? ನಾನು ಕೊಟ್ಟ ದೋಸೆ ಒಂದು ಬದಿ ಬೇಯದಿದ್ದರೆ "ರೀವರ್ಕ್ ಮಾಡ್ಬೋದು ಕಣಮ್ಮ" ಎಂದು ತಟ್ಟೆಯನ್ನು ಹಿಂದಕ್ಕೆ ಕೊಡುತ್ತಿದ್ದರು. ಮನುಷ್ಯರನ್ನು ಮಾತ್ರ ಯಾವತ್ತೂ ರಿಜೆಕ್ಟ್ ಮಾಡಲಿಲ್ಲ. ಮಾಡಬೇಕಾಗಿದ್ದವರನ್ನೂ ಮಾಡಲಿಲ್ಲ. ಅಂಥವರಲ್ಲಿ ನಾನೂ ಒಬ್ಬಳು.

ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ದೊಡ್ಡ ಮಗಳು ಫೋನ್ ಮಾಡಿ ಹೇಳಿದಳು. ಅವರ ಹೆಂಡತಿ ಹೋಗಿ ಎಷ್ಟೋ ವರ್ಷಗಳಾದವು. ನನ್ನಿಂದ ಆಣೆ ಹಾಕಿಸಿಕೊಂಡವರೂ ಇಲ್ಲ, ಯಾರಿಗೆ ಹೇಳಬಾರದೆಂದು ಆಣೆ ಹಾಕಿಸಿದ್ದರೋ ಅವರೂ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಹೆಸರು ಬೇಡ. ನಾನು ಅವರನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ನಾನು ಮದುವೆಯಾಗಿ ಪೀಣ್ಯಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಅಲ್ಲಿ ಕಾರ್ಖಾನೆಯ ಶೆಡ್ಡುಗಳ ಮಧ್ಯೆ ಇನ್ನೂ ರಾಗಿ ಹೊಲಗಳಿದ್ದವು. ನಮ್ಮ ಮನೆ ಓನರಮ್ಮನವರ ಹೊಲ ಕಾರ್ಖಾನೆಗಳಿಗೆ ಹೋಗಿತ್ತು. ಉಳಿದ ತುಂಡಿನಲ್ಲಿ ಸಾಲಾಗಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅಣ್ಣನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲು ಎಲ್ಲರಿಗೂ ಸೇರಿದ್ದಾದರೂ ಅಣ್ಣನದೇ ಆಗಿಹೋಗಿತ್ತು. ಉಳಿದ ಐದು ಮನೆಯವರಿಗೆ ಬಟ್ಟೆ ಒಣಗಿಸಲು ಒಂದು ಹಗ್ಗದಷ್ಟು ಜಾಗ ಬಿಟ್ಟು ಮಿಕ್ಕದ್ದಕ್ಕೆಲ್ಲ ಮೆಣಸಿನ ಸಸಿ ನೆಟ್ಟಿದ್ದರು. ಕೇಳಲು ಹೋದವರಿಗೆ ಒಂದು ಹಿಡಿ ಹಸಿಮೆಣಸಿನಕಾಯಿ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು.

ಈ ಮೆಣಸಿನಕಾಯಿಯ ಹುಚ್ಚಿಗೆ ಕಾರಣ ಅಕ್ಕನ ಬಾಯಿ. ಎರಡನೇ ಹೆರಿಗೆಯಾದ ಮೇಲೆ ಅಕ್ಕನ ಬಾಯೊಳಗೆ ಬೆಳ್ಳಗೆ ಪೊರೆಯಂತೆ ಕಟ್ಟಿ ಸುಲಿಯತೊಡಗಿತಂತೆ. ಖಾರ ಸೋಕಿದರೆ ಪ್ರಾಣ ಹೋಗುವಷ್ಟು ಉರಿ. ದೊಡ್ಡ ಆಸ್ಪತ್ರೆಯ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು, ಔಷಧಿ ಮಾತ್ರ ಹೇಳಲಿಲ್ಲ. ಅಕ್ಕ ಮಧುಗಿರಿ ಕಡೆಯವರು. ಮುದ್ದೆ, ಬಸ್ಸಾರು ಉಂಡು ಬೆಳೆದ ಜೀವ. ನಾನು ಬರುವ ಹೊತ್ತಿಗೆ ಮೂರು ಹೊತ್ತೂ ಮೊಸರನ್ನ ತಿಂದು ಐದಾರು ವರ್ಷವಾಗಿತ್ತು. ನಾವು ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಗೋಡೆಯಾಚೆಯಿಂದ ಕೂಗುತ್ತಿದ್ದರು.

"ಏನಮ್ಮಾ, ಬಸ್ಸಾರಾ? ಒಂದ್ ಬಟ್ಲಲ್ಲಿ ತಗೊಂಬಾ, ಮೂಗಿಗಾದ್ರೂ ಊಟ ಆಗ್ಲಿ."

ನಾನು ಒಯ್ದು ಕೊಡುತ್ತಿದ್ದೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಆವಿ ಆರುವ ತನಕ ವಾಸನೆ ತೆಗೆದುಕೊಂಡು, ಅದನ್ನು ಹಾಗೇ ಮಕ್ಕಳ ಮುಂದಕ್ಕೆ ತಳ್ಳುತ್ತಿದ್ದರು. ಮೆಣಸಿನಕಾಯಿ ಹಾಕದೆ ಮಾಡಿದ ಸಾರು ಅವರಿಗೆ ಬೇಡ. "ಆ ಬಿಳೀ ಸಾರು ನೋಡಿದ್ರೇನೇ ನಾನು ರೋಗಿ ಅನ್ಸತ್ತೆ" ಎನ್ನುತ್ತಿದ್ದರು.

ಅಣ್ಣ ಇದನ್ನು ಕಾರ್ಖಾನೆಯ ರೀತಿಯಲ್ಲೇ ಯೋಚಿಸಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಿದೆ, ಚೆನ್ನಾಗಿ ಒಣಗುತ್ತದೆ, ಆದರೆ ಅಷ್ಟಿಷ್ಟು ಖಾರ ಇದ್ದೇ ಇದೆ. ದಪ್ಪ ಮೆಣಸಿನಕಾಯಿಗೆ ಖಾರವೇ ಇಲ್ಲ, ಆದರೆ ಬರೀ ನೀರು, ಒಣಗಿಸಲು ಹೋದರೆ ಕೊಳೆಯುತ್ತದೆ. ಎರಡನ್ನೂ ಕೂಡಿಸಿದರೆ ಕೆಂಪಗೆ ಒಣಗುವ, ಖಾರವಿಲ್ಲದ ಕಾಯಿ ಹುಟ್ಟಲೇಬೇಕು. ಇಷ್ಟೇ ಲೆಕ್ಕ. ರೇಡಿಯೋದಲ್ಲಿ ಬರುತ್ತಿದ್ದ ಕೃಷಿ ಕಾರ್ಯಕ್ರಮ ಕೇಳಿ, ಅವರಿವರನ್ನು ವಿಚಾರಿಸಿ ವಿಧಾನ ಕಲಿತರು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಚಿಮುಟದಿಂದ ಬಿಡಿಸಿ, ಅದರೊಳಗಿನ ಗಂಡು ಕೇಸರಗಳನ್ನು ಒಂದೂ ಬಿಡದೆ ಕೀಳುವುದು. ಬೆಳಗ್ಗೆ ಮೊದಲ ಪಾಳಿಯ ಸೈರನ್ ಕೂಗುವುದಕ್ಕೆ ಮುಂಚೆ ಇನ್ನೊಂದು ಗಿಡದ ಹೂವಿನ ಪರಾಗವನ್ನು ಬೆಂಕಿಕಡ್ಡಿಯ ತುದಿಗೆ ಅಂಟಿಸಿಕೊಂಡು ಬಂದು ಮುಟ್ಟಿಸುವುದು. ಆಮೇಲೆ ಹುಳ, ಜೇನು ಸೇರದಂತೆ ಹೂವಿಗೊಂದು ಬಟ್ಟೆಯ ಚೀಲ ಕಟ್ಟುವುದು. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಹಳೆಯ ಪಂಚೆ ಹರಿದು ಹೆಬ್ಬೆರಳು ಹಿಡಿಸುವಷ್ಟು ಚೀಲಗಳನ್ನು ಹೊಲಿದುಕೊಟ್ಟವಳು ನಾನೇ. ಯಾವ ಗಿಡ ಯಾವುದೆಂದು ಗುರುತಿಗೆ ಕಟ್ಟುತ್ತಿದ್ದ ಬಣ್ಣದ ದಾರವೂ ನನ್ನ ಹೊಲಿಗೆ ಡಬ್ಬದ್ದೇ.

ಓನರಮ್ಮ ಒಮ್ಮೆ ಹಿತ್ತಲಿಗೆ ಬಂದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು.

"ಇದೇನ್ ಸಾಮಿ, ಊವಿಗೆಲ್ಲಾ ಲಂಗೋಟಿ ಕಟ್ಬುಟ್ಟಿದ್ದೀರಾ?"

"ಜೇನ್ನೊಣ ಬರ್ದೇ ಇರ್ಲಿ ಅಂತ ಕಣಮ್ಮ. ಒಂದ್ ಗಿಡದ್ದು ಇನ್ನೊಂದಕ್ಕೆ ನಾನೇ ಮುಟ್ಟಿಸ್ಬೇಕು."

"ನಮ್ ಒಲ ಇದ್ದಾಗ ಅದೆಲ್ಲಾ ಜೇನೇ ಮಾಡ್ಕೊಂತಿತ್ತಪ್ಪ. ಪಾಳಿನೂ ಇರ್ಲಿಲ್ಲ, ಸೈರನ್ನೂ ಇರ್ಲಿಲ್ಲ" ಎಂದು ಹೇಳಿ, ನಗದೇ ಹೋದರು.

ಮೊದಲ ವರ್ಷದ ಕೂಡಾವಳಿಯಿಂದ ಹುಟ್ಟಿದ ಗಿಡಗಳ ಕಾಯಿ ಒಂದೂ ಬಿಡದಂತೆ ಖಾರ. ಅಣ್ಣ ಪ್ರತಿ ಗಿಡದಿಂದ ಒಂದೊಂದು ಕಿತ್ತು, ಕಚ್ಚಿ, ಅಗಿದು, ಕಿವಿ ಕೆಂಪಗೆ ಮಾಡಿಕೊಂಡು ಬೆಲ್ಲದ ಚೂರಿಗೆ ಕೈ ಚಾಚುತ್ತಿದ್ದರು. "ಬ್ಯಾಚ್ ಪೂರ್ತಿ ರಿಜೆಕ್ಟು" ಎಂದರು. ಆದರೂ ಅದರ ಬೀಜವನ್ನೇ ಮತ್ತೆ ಹಾಕಿದರು. ಈ ಸಲ ನಾಲ್ಕು ಗಿಡಕ್ಕೊಂದರಂತೆ ಖಾರವಿಲ್ಲದ ಕಾಯಿ ಬಂತು, ಆದರೆ ತೊಗಲು ದಪ್ಪ. ಒಣಗಲು ಹಾಕಿದ್ದೆಲ್ಲ ಬೂಷ್ಟು ಹಿಡಿಯಿತು. ಮತ್ತೆ ಆರಿಸಿದರು, ಮತ್ತೆ ಹಾಕಿದರು. ಬೀಜವನ್ನು ಔಷಧಿಯ ಪುಟ್ಟ ಬಾಟಲಿಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಒಂದು ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆ ಪೆಟ್ಟಿಗೆಗೆ ಇದ್ದಷ್ಟು ದೊಡ್ಡ ಬೀಗ ಅವರ ಮನೆಯ ಬಾಗಿಲಿಗೂ ಇರಲಿಲ್ಲ.

ನಾಲ್ಕನೇ ವರ್ಷ ಒಂದು ಗಿಡ ಎಲ್ಲ ರೀತಿಯಲ್ಲೂ ಸರಿಬಂದಂತೆ ಕಂಡಿತು. ಅಣ್ಣ ಕಾಯಿಯ ತುದಿ ಕಚ್ಚಿ ನೋಡಿ ಖಾರವಿಲ್ಲವೆಂದರು. ಒಣಗಿಸಿ, ಹುರಿದು, ಭಾನುವಾರ ತಾವೇ ಒಲೆ ಮುಂದೆ ನಿಂತು ಸಾರು ಮಾಡಿದರು. ಅಕ್ಕ ಮುದ್ದೆಯ ತುತ್ತನ್ನು ಅದ್ದಿ ಬಾಯಿಗಿಟ್ಟುಕೊಂಡರು. ನಾನು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಉಗುಳಲಿಲ್ಲ, ನುಂಗಿದರು. ಕಣ್ಣಿಂದ ಧಾರಾಕಾರವಾಗಿ ನೀರು. ಆಮೇಲೆ ಹದಿನೈದು ದಿನ ಮಜ್ಜಿಗೆಯನ್ನೂ ಚಮಚದಲ್ಲಿ ಕುಡಿದರು. ಖಾರವೆಲ್ಲ ಕಾಯಿಯ ತೊಟ್ಟಿನ ಕಡೆಗೆ, ಬೀಜ ಅಂಟಿಕೊಂಡ ಬಿಳಿಯ ಭಾಗದಲ್ಲಿ ಇರುತ್ತದೆಂದು ಅಣ್ಣನಿಗೆ ಆಮೇಲೆ ಯಾರೋ ಹೇಳಿದರಂತೆ. "ತುದಿ ಅಳೆದು ಪಾಸ್ ಮಾಡ್ಬಿಟ್ಟೆನಲ್ಲಮ್ಮ" ಎಂದು ಹೇಳಿ ನಮ್ಮ ಮೆಟ್ಟಿಲ ಮೇಲೆ ಕೂತರು. ಗಿಡವನ್ನೆಲ್ಲ ಕಿತ್ತುಹಾಕುತ್ತೇನೆ ಎಂದು ಎದ್ದವರನ್ನು ತಡೆದದ್ದು ಅಕ್ಕನೇ. ಆ ಮೇಲೊಂದು ದಿನ ಬಟ್ಟೆ ಒಗೆಯುವಾಗ ನನ್ನೆದುರು ಹೇಳಿದರು: "ಗಿಡ ಇಲ್ದಿದ್ರೆ ಅವ್ರು ನನ್ನ ಮುಖಾನೇ ನೋಡ್ಕೊಂಡ್ ಕೂತಿರ್ತಾರೆ ಕಣೆ. ಅದು ಇನ್ನೂ ಕಷ್ಟ."

ಆರನೇ ವರ್ಷಕ್ಕೆ ಅಂಥದೇ ಇನ್ನೊಂದು ಗಿಡ ಬಂತು. ಒಂದೇ ಒಂದು. ಈ ಸಲ ಅಣ್ಣ ತೊಟ್ಟಿನಿಂದ ತುದಿಯವರೆಗೆ ಒಂದು ಹಸಿ ಕಾಯಿಯನ್ನು ಪೂರ್ತಿ ತಿಂದರು. ಖಾರವಿಲ್ಲ. ಆದರೂ ಪಾಸು ಎನ್ನಲಿಲ್ಲ. ಅಷ್ಟು ವರ್ಷ ಮೆಣಸಿನಕಾಯಿ ಅಗಿದು ಅಗಿದು ಅವರಿಗೆ ತಮ್ಮ ನಾಲಗೆಯ ಮೇಲೇ ನಂಬಿಕೆ ಹೋಗಿತ್ತು. ಕಾರ್ಖಾನೆಯ ಅಳತೆಯ ಸಾಧನವೊಂದನ್ನು ಕುರಿತು ಹೇಳುವಂತೆ "ಈ ಗೇಜೇ ಸವೆದೋಗಿದೆ" ಎನ್ನುತ್ತಿದ್ದರು. ಅಷ್ಟರಲ್ಲಿ ಗಿಡಕ್ಕೆ ಮುರುಟು ರೋಗ ಬಂದು ಎಲೆಯೆಲ್ಲ ಮುದುರಿ ಸತ್ತುಹೋಯಿತು. ಹಣ್ಣಾಗಿದ್ದ ಏಳು ಕಾಯಿ ಉಳಿದವು. ಅವನ್ನು ನೀಲಿ ದಾರದಲ್ಲಿ ಪೋಣಿಸಿ ಅಡುಗೆಮನೆಯ ಕಿಟಕಿಗೆ ನೇತುಹಾಕಿದರು. ಒಂದನ್ನು ಪುಡಿ ಮಾಡಿ ನೋಡುವುದು, ಆರನ್ನು ಬೀಜಕ್ಕೆ ಇಡುವುದು ಎಂದು ಅಂದುಕೊಂಡಿದ್ದರಂತೆ. ನನಗೆ ಹೇಳಿರಲಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ ಎಂದು ಅವರಂಥವರಿಗೂ ಅನ್ನಿಸಿರಬೇಕು.

ಕಾಯಿ ಒಣಗಿ ಸುಕ್ಕುಬಿದ್ದ ಹೊತ್ತಿಗೆ ಅಕ್ಕನ ತವರಿನಲ್ಲಿ ಒಂದು ಮದುವೆ ಬಂತು. ನಾಲ್ಕು ದಿನಕ್ಕೆಂದು ಎಲ್ಲರೂ ಮಧುಗಿರಿಗೆ ಹೊರಟರು. ಗಿಡಗಳಿಗೆ ನೀರು ಹಾಕಲು ಹೇಳಿ, ಮನೆಯ ಕೀಲಿಯನ್ನೂ ನನ್ನ ಕೈಗೆ ಕೊಟ್ಟರು.

ಎರಡನೇ ದಿನ ನನ್ನ ಮಗಳಿಗೆ ಜ್ವರ. ಆಗಿನ್ನೂ ಹತ್ತು ತಿಂಗಳ ಕೂಸು. ಮೈ ಕೆಂಡ, ಹಾಲು ಕುಡಿಯುತ್ತಿಲ್ಲ, ಅಳು ನಿಲ್ಲುತ್ತಿಲ್ಲ. ಡಾಕ್ಟರು ಕೊಟ್ಟ ಔಷಧಿಗೂ ಜಗ್ಗಲಿಲ್ಲ. ಮೂರನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಅತ್ತೆ ಒಲೆಯ ಕೆಂಡ ತೆಗೆದಿಟ್ಟುಕೊಂಡು, "ದೃಷ್ಟಿ ತೆಗೀಬೇಕು, ಏಳು ಒಣಮೆಣಸಿನಕಾಯಿ ತಾ" ಎಂದರು. ನಮ್ಮ ಮನೆಯಲ್ಲಿ ಖಾರದಪುಡಿ ಇತ್ತೇ ಹೊರತು ಇಡೀ ಕಾಯಿ ಒಂದೂ ಇರಲಿಲ್ಲ. ಗಂಡ ಎರಡನೇ ಪಾಳಿಗೆ ಹೋಗಿದ್ದರು. ಅಂಗಡಿಗೆ ದೂರ ಹೋಗಬೇಕು, ಕೂಸು ತೋಳಿಂದ ಇಳಿಯುತ್ತಿಲ್ಲ. ಅಣ್ಣನ ಮನೆಯ ಕಿಟಕಿಯಲ್ಲಿ ಸರಿಯಾಗಿ ಏಳು ನೇತಾಡುತ್ತಿದ್ದವು.

ನಾನು ಯೋಚಿಸದೆ ತೆಗೆದೆ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಬೀಜವೆಲ್ಲ ಬಾಟಲಿಯಲ್ಲಿ, ಪೆಟ್ಟಿಗೆಯೊಳಗೆ ಇರುತ್ತದೆ, ಇವು ಅಡುಗೆಗೆ ಇಟ್ಟವು ಎಂದುಕೊಂಡೆ. ನಾಳೆ ಅಂಗಡಿಯಿಂದ ಏಳು ಒಳ್ಳೆಯ ಬ್ಯಾಡಗಿ ತಂದು ಇದೇ ದಾರಕ್ಕೆ ಪೋಣಿಸಿದರಾಯಿತು ಎಂದೂ ಯೋಚಿಸಿದೆ. ಅವರಿಗಾಗಿ ಅಷ್ಟೊಂದು ಚೀಲ ಹೊಲಿದ ನನಗೆ ನೀಲಿ ದಾರ ಕಂಡಾಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಅತ್ತೆ ಉಪ್ಪು, ಮೆಣಸಿನಕಾಯಿ ಸೇರಿಸಿ ಹಿಡಿದು ಕೂಸಿಗೆ ಮೂರು ಸಲ ನಿವಾಳಿಸಿ, ಕೆಂಡಕ್ಕೆ ಹಾಕಿದರು. ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಕಪ್ಪಾಗಿ ಸುರುಟಿಕೊಂಡವು. ಹೊಗೆ ಎದ್ದಿತು. ನಾನು ಸೆರಗಿನಲ್ಲಿ ಕೂಸಿನ ಮೂಗು ಮುಚ್ಚಿ ಕಾಯುತ್ತಿದ್ದೆ. ಕೆಮ್ಮಿಲ್ಲ, ಸೀನಿಲ್ಲ, ಕಣ್ಣುರಿಯಿಲ್ಲ. ಕಾಗದ ಸುಟ್ಟಂಥ ವಾಸನೆ, ಅಷ್ಟೇ. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದರೆ ಭಾರೀ ದೃಷ್ಟಿ ಬಿದ್ದಿದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅತ್ತೆಯ ಮುಖ ಬಿಳುಚಿತು.

"ಅಯ್ಯೋ ನಮ್ಮಪ್ಪ! ಏಳ್ ಕಾಯಿ ಸುಟ್ರೂ ಒಂದ್ ಚೂರ್ ಘಾಟಿಲ್ವಲ್ಲೇ! ಯಾವ್ ಪಾಪಿ ಕಣ್ಣೇ ಇದು, ನಮ್ ಮಗೀನ್ ಮ್ಯಾಲೆ!"

ನಾನೂ ನಂಬಿದೆ. ಕೂಸನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತುಬಿಟ್ಟೆ. ಅತ್ತೆ ಬೂದಿಯನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ಮೂರು ದಾರಿ ಸೇರುವಲ್ಲಿ ಸುರಿದು, ಹಿಂದಿರುಗಿ ನೋಡದೆ ಬಂದು ಕಾಲು ತೊಳೆದರು. ಮರುದಿನ ಬೆಳಗ್ಗೆ ಕೂಸಿನ ಮೈಮೇಲೆ ಸಣ್ಣ ಕೆಂಪು ಗುಳ್ಳೆಗಳೆದ್ದು ಜ್ವರ ತಾನಾಗಿ ಇಳಿಯಿತು. ಈ ಜ್ವರ ಹಾಗೇ ಬಂದು ಹೋಗುವಂಥದು ಎಂದು ಡಾಕ್ಟರು ಹೇಳಿದರು. ಅತ್ತೆ ಒಪ್ಪಲಿಲ್ಲ.

ಅದೇ ದಿನ ಮಧ್ಯಾಹ್ನ ಅಣ್ಣನ ಮನೆಯವರು ಬಂದರು. ನಾನು ಬ್ಯಾಡಗಿ ಕಾಯಿ ತರಲು ಇನ್ನೂ ಅಂಗಡಿಗೆ ಹೋಗಿರಲಿಲ್ಲ. ಅಣ್ಣ ಕೈಕಾಲನ್ನೂ ತೊಳೆಯದೆ ನೇರವಾಗಿ ಅಡುಗೆಮನೆಯ ಕಿಟಕಿಯ ಹತ್ತಿರ ಹೋದರು. ಅವು ಬರೀ ಅಡುಗೆಗೆ ಇಟ್ಟವಲ್ಲ ಎಂದು ನನಗೆ ಆಗ ಹೊಳೆಯಿತು. ಓಡಿಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಜ್ವರ, ಕೆಂಡ, ಘಾಟು ಬಾರದೆ ಹೆದರಿದ್ದು, ಎಲ್ಲ.

ಅಣ್ಣ ಕೇಳಿದರು: "ಘಾಟು ಬರ್ಲಿಲ್ವಾ?"

"ಇಲ್ಲ ಅಣ್ಣ."

ಅವರು ನನ್ನನ್ನು ದಾಟಿಕೊಂಡು ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಕೂತರು. "ಕೆಂಡ ಚೆನ್ನಾಗಿ ನಿಗಿನಿಗಿ ಅಂತಿತ್ತಾ ಅಮ್ಮ? ನೀವು ಹತ್ರಾನೇ ಇದ್ರಾ? ಒಂದ್ ಸೀನಾದ್ರೂ ಬಂತಾ?"

"ಒಂದ್ ಸೀನೂ ಇಲ್ಲ ಕಣಪ್ಪ. ಮೂಗ್ ತಂದು ಅದ್ರ ಮ್ಯಾಲೇ ಇಕ್ಕಿದ್ರೂ ಏನೂ ಇಲ್ಲ. ಅಂತಾ ದೃಷ್ಟಿ!"

ಅಣ್ಣನ ಮುಖ ಅರಳಿದ್ದನ್ನು ನಾನು ಆವತ್ತು ನೋಡಿದೆ. ಅಷ್ಟು ಸಂತೋಷ ಅವರ ಮುಖದಲ್ಲಿ ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ದೃಷ್ಟಿ ಅಲ್ಲಮ್ಮ, ಪಾಸು! ಏಳಕ್ಕೆ ಏಳೂ ಪಾಸು!" ಎಂದು ಎದ್ದು ನಿಂತು, "ಕೇಳಿದ್ಯೇನೇ? ಘಾಟೇ ಬರ್ಲಿಲ್ವಂತೆ!" ಎಂದು ಗೋಡೆಯಾಚೆಗೆ ಅಕ್ಕನಿಗೆ ಕೂಗಿ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಬೀಜವೂ ಅದರಲ್ಲೇ ಇತ್ತೆಂಬುದು ಅವರಿಗೆ ಹೊಳೆದಿರಬೇಕು. ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೂರು ದಾರಿ ಸೇರುವಲ್ಲಿಗೆ ಹೋದರು. ನಾನು ಹಿಂದೆಯೇ ಹೋದೆ. ಅಲ್ಲಿ ಲಾರಿಗಳು ಓಡಾಡಿ ಬೂದಿಯ ಗುರುತೂ ಉಳಿದಿರಲಿಲ್ಲ. ಅಣ್ಣ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಮಣ್ಣು ಕೆದಕಿದರು. ಲಾರಿಯೊಂದು ಹಾರ್ನ್ ಹೊಡೆದಾಗ ಎದ್ದರು.

"ತಪ್ಪಾಯ್ತು ಅಣ್ಣ" ಎಂದೆ.

"ಮಗು ಹುಷಾರಾಯ್ತಲ್ಲ, ಬಿಡಮ್ಮ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಾಗಿ ಎರಡು ಮೂರು ವಾರಕ್ಕೆ ಅಕ್ಕ ನನ್ನನ್ನು ಒಳಗೆ ಕರೆದರು. ಅಣ್ಣ ಪಾಳಿಯಲ್ಲಿದ್ದರು. ಮೊದಲಿನಿಂದಲೂ ಅಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವರು. ಆವತ್ತು ಮಾತಾಡುವಾಗಲೂ ಹಿಡಿದುಕೊಂಡಿದ್ದರು.

"ಸುಟ್ಟಾಕಿದ್ದು ಒಳ್ಳೇದೇ ಮಾಡ್ದೆ ಕಣೆ ನೀನು."

ನನಗೆ ಅರ್ಥವಾಗಲಿಲ್ಲ. ಕೊಂಕಾಡುತ್ತಿದ್ದಾರೆ ಎಂದುಕೊಂಡೆ.

"ನಂಗೀಗ ಖಾರ ಅಲ್ಲ, ಉಪ್ಪೂ ಉರಿಯುತ್ತೆ. ಹುಣಸೆಹುಳಿ ಉರಿಯುತ್ತೆ. ಬಿಸಿ ಅನ್ನ ಉರಿಯುತ್ತೆ. ಒಂದ್ ವರ್ಷದಿಂದ ಹಿಂಗೇ. ಅವ್ರಿಗೆ ಹೇಳಿಲ್ಲ. ಆ ಕಾಯಿ ಕುಟ್ಟಿ ಸಾರು ಮಾಡಿ ತಂದು ಮುಂದೆ ಇಟ್ಟಿದ್ರೆ ಏನ್ ಮಾಡ್ತಿದ್ದೆ ನಾನು? ಉರಿಯುತ್ತೆ ಅಂದ್ರೆ ಅವ್ರ ಆರು ವರ್ಷ ನೀರು ಪಾಲು. ಉರಿಯಲ್ಲ ಅಂತ ನುಂಗೋ ಶಕ್ತಿನೂ ನಂಗಿಲ್ಲ. ಕಾಯಿ ನೇತಾಕಿದ ದಿನದಿಂದ ನಂಗೆ ನಿದ್ದೆ ಬರ್ತಿರ್ಲಿಲ್ಲ. ಈಗ ನೋಡು, ಗೆದ್ದೆ ಅಂದ್ಕೊಂಡವ್ರೆ. ಹಂಗೇ ಅಂದ್ಕೊಂಡಿರ್ಲಿ."

"ಅಣ್ಣಂಗೆ ಹೇಳ್ಬಿಡಿ ಅಕ್ಕ. ಮತ್ತೆ ಸಸಿ ಹಾಕ್ತಾವ್ರೆ, ಸುಮ್ನೆ ಯಾಕೆ..."

"ಹೇಳಿದ್ರೆ ಏನ್ ಮಾಡ್ತಾರೆ ಹೇಳು, ಕೂತ್ಕೊಂಡು ಅಳ್ತಾರೆ. ನೀನೂ ಹೇಳ್ಕೂಡ್ದು. ನಿನ್ನ ಮಗಳ ಮೇಲೆ ಆಣೆ."

ಕೂಸು ಆಗ ನನ್ನ ಸೊಂಟದ ಮೇಲೇ ಇತ್ತು. ಅದರ ತಲೆಯ ಮೇಲೆ ನನ್ನ ಕೈ ಇರಿಸಿ, ಮೇಲೆ ತಮ್ಮ ಕೈಯನ್ನೂ ಇಟ್ಟರು. ನಾನು ಹೂಂ ಎಂದೆ. ಹೂಂ ಎನ್ನದೆ ಇನ್ನೇನು ಮಾಡಲಿ?

ಅಣ್ಣ ಹಿಂದಿನ ಬಾಟಲಿಗಳ ಬೀಜ ತೆಗೆದು ಮೊದಲಿಂದ ಶುರುಮಾಡಿದರು. ಒಂದು ಸಲ ಬಂದದ್ದು ಇನ್ನೊಂದು ಸಲ ಬಂದೇ ಬರುತ್ತದೆ ಎನ್ನುವುದು ಅವರ ವಾದ. ಬರಲಿಲ್ಲ. ಒಂದರಲ್ಲಿ ಬಣ್ಣವಿರಲಿಲ್ಲ, ಒಂದರಲ್ಲಿ ಖಾರ ಹೋಗಲಿಲ್ಲ, ಒಂದಕ್ಕೆ ಮುರುಟು ಬಡಿಯಿತು. ಓನರಮ್ಮ ಹಿತ್ತಲಿನಲ್ಲಿ ಇನ್ನೂ ಎರಡು ಮನೆ ಎಬ್ಬಿಸಿದಾಗ ಸಸಿಗಳು ಡಾಲ್ಡಾ ಡಬ್ಬಕ್ಕೆ ಬಂದವು. ನಾನು ಚೀಲ ಹೊಲಿದುಕೊಡುತ್ತಲೇ ಇದ್ದೆ. ಹೊಲಿಯುವಾಗೆಲ್ಲ ಇವತ್ತು ಹೇಳಿಬಿಡೋಣ ಎನ್ನಿಸುತ್ತಿತ್ತು. ಮಗಳು ಆಡುತ್ತಾ ಎದುರಿಗೆ ಬರುತ್ತಿದ್ದಳು, ಬಾಯಿ ಕಟ್ಟುತ್ತಿತ್ತು. ಆಣೆಗೆ ಹೆದರುವಷ್ಟು ಮೂಢಳೇ ನೀನು ಎಂದು ನನ್ನ ಮಗಳೇ ಈಗ ಕೇಳುತ್ತಾಳೆ. ಹೌದು, ಅಷ್ಟು ಮೂಢಳೇ.

ಎಂಬತ್ತರ ದಶಕ ಮುಗಿಯುವುದರೊಳಗೆ ಅಕ್ಕ ಹೋದರು. ಕೊನೆಯ ತಿಂಗಳುಗಳಲ್ಲಿ ತಣ್ಣಗಿನ ಗಂಜಿ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಅದು ಹೊಸದಾಗಿ ಬಂದ ಕಾಯಿಲೆ ಎಂದೇ ಅಣ್ಣ ತಿಳಿದುಕೊಂಡಿದ್ದರು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಸಂಜೆ ಅಣ್ಣ ನಮ್ಮ ಮನೆಗೆ ಬಂದರು. ಗಡ್ಡ ಬೆಳೆದಿತ್ತು. ಗಿಡಗಳಿಗೆ ನೀರು ಹಾಕುವುದನ್ನು ಬಿಟ್ಟಿದ್ದರು. ಡಬ್ಬಗಳಲ್ಲಿ ಮಣ್ಣು ಬಿರುಕುಬಿಟ್ಟಿತ್ತು. ಕಾಫಿ ಕೊಟ್ಟೆ, ಕುಡಿಯಲಿಲ್ಲ.

"ಒಂದ್ ಮಾತು ಕೇಳ್ತೀನಿ, ನಿಜ ಹೇಳಮ್ಮ. ನನ್ನೆದ್ರಿಗೆ ಅವ್ಳು ಏನೂ ಕೇಳ್ತಿರ್ಲಿಲ್ಲ. ನಿನ್ ಹತ್ರ ಏನಾದ್ರೂ ಹೇಳಿದ್ಲಾ? ಆ ಕೆಂಪು ಸಾರು ಉಣ್ಬೇಕು ಅಂತ ಅವ್ಳಿಗೆ ನಿಜವಾಗ್ಲೂ ಇತ್ತಾ, ಇಲ್ಲಾ ನಾನೇ ಸುಮ್ನೆ ಹಿಂಗೆಲ್ಲಾ ಮಾಡ್ಕೊಂಡು ಕೂತಿದ್ನಾ?"

ನಿಜ ಹೇಳು ಎಂದು ಅವರು ಕೇಳಿದ್ದು ಅದೊಂದೇ ಸಲ. ಆಣೆ ಹಾಕಿಸಿದವರು ಇರಲಿಲ್ಲ. ಹೇಳಿದ್ದರೆ ಅಣ್ಣನ ಕೈ ಅವತ್ತೇ ಈ ಗಿಡಗಳಿಂದ ಬಿಡುವಾಗುತ್ತಿತ್ತು. ಇಲ್ಲ ಅಣ್ಣ, ಅವರಿಗೆ ಅದರ ಹೆದರಿಕೆಯೇ ಆಗಿಹೋಗಿತ್ತು ಎನ್ನಬೇಕು. ಬಾಯಿ ತೆರೆದೆ. ಗಡ್ಡದೊಳಗಿನ ಆ ಮುಖ ನೋಡಿದೆ.

"ಇತ್ತು ಅಣ್ಣ" ಎಂದೆ. "ಯಾವಾಗ್ಲೂ ಅಂತಿದ್ರು. ನೀವು ಮಾಡಿಕೊಟ್ರೆ ಮುದ್ದೆ ಜೊತೆ ಉಣ್ಬೇಕು ಅಂತ."

ಅಣ್ಣ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಲುಂಗಿ ಸರಿಮಾಡಿಕೊಂಡು ಎದ್ದರು.

"ಹಂಗಾದ್ರೆ ಬಿಡೋ ಹಂಗಿಲ್ಲ ಕಣಮ್ಮ."

ಮರುದಿನ ಬೆಳಗ್ಗೆ ಸೈರನ್ ಕೂಗುವ ಮುಂಚೆಯೇ ಅವರ ಮನೆ ಹಿಂದೆ ಡಬ್ಬಗಳ ಮಣ್ಣು ಕೆದಕುವ ಸದ್ದು ಕೇಳಿಸಿತು. ಹೋದ ತಿಂಗಳು ಅವರ ಮಗಳು ಫೋನಿನಲ್ಲಿ ಹೇಳಿದಳು, ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಅಪ್ಪ ಮೆಣಸಿನ ಬೀಜ ಬಿತ್ತಿದ್ದರಂತೆ.